ಬೀಡಿಗೆ ದರವಿತ್ತು, ಮಗು ನೋಡಿಕೊಳ್ಳುವ ಕೆಲಸಕ್ಕೆ ಯಾಕಿಲ್ಲ?

ಕರಾವಳಿಯಿಂದ ಗಂಟುಮೂಟೆ ಕಟ್ಟಿಕೊಂಡು ಬಂದು ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಲ್ಲಿ ಬೇಕರಿ, ಹೊಟೇಲ್, ಜ್ಯೂಸ್ ಅಂಗಡಿ ಇಟ್ಟು ನೆಲೆ ಕಂಡುಕೊಂಡವರು ನಾವು. ಊರಿನಲ್ಲಿದ್ದಷ್ಟು ಜನ ಇಲ್ಲಿಲ್ಲ. ಆದರೆ ಒಬ್ಬರ ಮನೆಯ ವಿಷಯ ಇನ್ನೊಬ್ಬರಿಗೆ ಗೊತ್ತಾಗದಷ್ಟು ದೂರವೂ ಇಲ್ಲ. ಹಾಗಾಗಿ ನಮ್ಮ ಮನೆಗಳಲ್ಲಿ ಸದ್ದಿಲ್ಲದೆ ನಡೆಯುತ್ತಿರುವ ಒಂದು ಕೆಲಸದ ಬಗ್ಗೆ ಬಾಯಿ ಬಿಟ್ಟು ಮಾತಾಡುವುದು ಒಳ್ಳೆಯದು ಅಂತ ನಮಗೆ ತೋರಿದೆ. ಅದು ಬೇರೆಯವರ ಮಗುವನ್ನು ನಮ್ಮ ಮನೆಯಲ್ಲಿ ಇಟ್ಟುಕೊಂಡು ನೋಡಿಕೊಳ್ಳುವ ಕೆಲಸ. ಅದಕ್ಕೆ ಎಷ್ಟು ಕೊಡಬೇಕು, ಎಷ್ಟು ತೆಗೆದುಕೊಳ್ಳಬೇಕು ಎಂಬುದು ಪ್ರಶ್ನೆ.

ಊರಿನಲ್ಲಿದ್ದಾಗ ಈ ಪ್ರಶ್ನೆಯೇ ಬರುತ್ತಿರಲಿಲ್ಲ. ಮನೆಯಲ್ಲಿ ಉಮ್ಮ ಇದ್ದರು, ಪಕ್ಕದಲ್ಲೇ ಮಾಮಿ ಇದ್ದರು. ಮಗು ಒಂದು ಮಡಿಲಿನಿಂದ ಇನ್ನೊಂದು ಮಡಿಲಿಗೆ ಹೋಗಿ ಬೆಳೆಯುತ್ತಿತ್ತು. ಇಲ್ಲಿ ಬಾಡಿಗೆ ಮನೆ. ಗಂಡ ಬೆಳಗ್ಗಿನ ನಮಾಝ್ ಮುಗಿಸಿ ಅಂಗಡಿಗೆ ಹೋದರೆ ಬರುವುದು ರಾತ್ರಿ. ಕಲಿತ ಹೆಣ್ಣುಮಕ್ಕಳು ಈಗ ಆಸ್ಪತ್ರೆಯಲ್ಲಿ ನರ್ಸ್, ಶಾಲೆಯಲ್ಲಿ ಟೀಚರ್, ಬಟ್ಟೆ ಅಂಗಡಿಯಲ್ಲಿ, ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಾರೆ. ಮಗುವನ್ನು ಎಲ್ಲಿ ಬಿಡುವುದು? ಗೊತ್ತಿರುವ ಮನೆಯಲ್ಲಿ. ಬೆಳಗ್ಗೆ ಎಂಟಕ್ಕೆ ಒಂದು ಚೀಲ, ಅದರಲ್ಲಿ ಹಾಲಿನ ಬಾಟಲಿ, ಎರಡು ಜೊತೆ ಬಟ್ಟೆ, ಸಣ್ಣ ಡಬ್ಬಿಯಲ್ಲಿ ಗಂಜಿ. ಸಂಜೆ ಆರಕ್ಕೆ ಬಂದು ಕರೆದುಕೊಂಡು ಹೋಗುವುದು.

ತಿಂಗಳ ಕೊನೆಗೆ ಇಬ್ಬರ ನಡುವೆ ಮಾತು ಹೀಗಿರುತ್ತದೆ:

"ಎಷ್ಟು ಕೊಡ್ಬೇಕು ಹೇಳಿ."

"ಅಯ್ಯೋ ನಮ್ಮೊಳಗೆ ಎಂತದು ಲೆಕ್ಕ? ನಿಮ್ಗೆ ಮನಸ್ಸು ಬಂದಷ್ಟು ಕೊಡಿ."

ಮಾತು ಚೆನ್ನಾಗಿದೆ, ಇಬ್ಬರೂ ನಗುತ್ತಾರೆ. ಒಬ್ಬಳು ಐನೂರೋ ಸಾವಿರವೋ ಕೊಡುತ್ತಾಳೆ. ಇನ್ನೊಬ್ಬಳು ಎಣಿಸದೆ ತೆಗೆದು ಅಕ್ಕಿ ಡಬ್ಬಿಯ ಹಿಂದೆ ಇಡುತ್ತಾಳೆ. ಆಮೇಲೆ ಎಣಿಸುತ್ತಾಳೆ. ಆ ರಾತ್ರಿ ಇಬ್ಬರಿಗೂ ಸಮಾಧಾನ ಇರುವುದಿಲ್ಲ. ಕೊಟ್ಟವಳಿಗೆ ಕಡಿಮೆ ಆಯಿತೇನೋ ಅಥವಾ ಜಾಸ್ತಿ ಆಯಿತೇನೋ ಎಂಬ ಅನುಮಾನ. ತೆಗೆದುಕೊಂಡವಳಿಗೆ ಕೇಳಿದರೆ ಆಸೆಬುರುಕಿ ಅಂದಾರು, ಕೇಳದಿದ್ದರೆ ಬೆನ್ನು ಬಿದ್ದುಹೋಗುತ್ತದೆ ಎಂಬ ಸಂಕಟ. ನಾಲ್ಕೈದು ತಿಂಗಳಾದ ಮೇಲೆ ಒಂದು ದಿನ "ಇನ್ನು ನನ್ಗೆ ಆಗೂದಿಲ್ಲ, ಸೊಂಟ ನೋವು" ಅಂತ ಬಾಗಿಲು ಮುಚ್ಚುತ್ತದೆ. ಮಗುವಿಗೆ ಒಗ್ಗಿಹೋಗಿದ್ದ ಮಡಿಲು ತಪ್ಪಿತು, ತಾಯಿಯ ಕೆಲಸ ಹೋಯಿತು. ಮುಂದಿನ ಮದುವೆಯಲ್ಲಿ ಎರಡು ಮನೆಯವರು ಒಂದೇ ಸುಪ್ರದ ಸುತ್ತ ಕೂರುವುದಿಲ್ಲ. ದರ ಹೇಳಲು ನಾಚಿಕೊಂಡದ್ದಕ್ಕೆ ನಾವು ತೆತ್ತ ಬೆಲೆ ಇದು.

ತಡ್ಪೆಯ ಲೆಕ್ಕ ಮರೆತಿದ್ದೇವಾ?

"ಮನೆಯಲ್ಲೇ ಕೂತು ಮಾಡುವ ಕೆಲಸಕ್ಕೆ ಎಂತ ದರ ಮಾರಾಯ್ರೆ?" ಅಂತ ಕೆಲವರು ಕೇಳುತ್ತಾರೆ. ಈ ಮಾತು ಬೇರೆ ಯಾರು ಕೇಳಿದರೂ ಕೇಳಲಿ, ಬ್ಯಾರಿಗಳು ಕೇಳಬಾರದು. ನಮ್ಮಲ್ಲಿ ಎಷ್ಟು ಜನರ ಫೀಸು, ಎಷ್ಟು ಮನೆಗಳ ಅಕ್ಕಿ, ಎಷ್ಟು ಹೆಣ್ಣುಮಕ್ಕಳ ಕಿವಿಯೋಲೆ ಉಮ್ಮನ ತಡ್ಪೆಯಿಂದ ಬಂದದ್ದು! ಜಗಲಿಯಲ್ಲಿ ಕೂತು ಎಲೆ ಕತ್ತರಿಸಿ, ಸೊಪ್ಪು ತುಂಬಿ, ನೂಲು ಸುತ್ತಿ ಅವರು ಕಟ್ಟಿದ ಬೀಡಿಗೆ ದರ ಇತ್ತು. ಸಾವಿರಕ್ಕೆ ಇಷ್ಟು ಅಂತ ಮಜೂರಿ, ಅದರ ಮೇಲೆ ತುಟ್ಟಿಭತ್ಯೆ. ಬ್ರಾಂಚಿನಲ್ಲಿ ಪಾಸ್ ಪುಸ್ತಕ, ಅದರಲ್ಲಿ ಬರೆದ ಲೆಕ್ಕ. ಬಹಳ ಮಂದಿಗೆ ಪಿಎಫ್ ಕೂಡ ಇತ್ತು. ಆ ದರ ಸಾಲುತ್ತಿತ್ತು ಅಂತ ನಾವು ಹೇಳುತ್ತಿಲ್ಲ. ಬೀಡಿ ಸರಿ ಇಲ್ಲ ಅಂತ ತಳ್ಳಿಹಾಕುವುದು, ಎಲೆ ಕಡಿಮೆ ಕೊಡುವುದು ಎಲ್ಲವೂ ಇತ್ತು. ಆದರೆ ದರ ಅಂತ ಒಂದು ಇದ್ದದ್ದಕ್ಕೇ "ಕಡಿಮೆ ಆಯಿತು" ಅಂತ ಜಗಳ ಆಡಲು ಜಾಗವಿತ್ತು.

ಇದು ತಾನಾಗಿ ಬಂದದ್ದಲ್ಲ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ, ಮನೆಯಲ್ಲಿ ಕೂತು ಬೀಡಿ ಕಟ್ಟುವವಳನ್ನೂ ಕಾರ್ಮಿಕಳು ಅಂತ ಒಪ್ಪಿಕೊಂಡಿತು. ಸಂಘಟನೆಗಳು ಅದಕ್ಕಾಗಿ ಹೋರಾಡಿದವು. ಕೆಲಸ ಮನೆಯೊಳಗೆ ನಡೆದರೂ ಕೆಲಸವೇ ಎಂಬುದನ್ನು ನಮ್ಮ ಉಮ್ಮಂದಿರು ಐವತ್ತು ವರ್ಷಗಳ ಹಿಂದೆಯೇ ಬದುಕಿ ತೋರಿಸಿದ್ದಾರೆ.

ಬೆಟಗೇರಿಯ ನೇಕಾರರ ಓಣಿಗೆ ಹೋದರೂ ಇದೇ ಪಾಠ ಸಿಗುತ್ತದೆ. ಮಗ್ಗದ ಮುಂದೆ ಕೂತು ಸೀರೆ ನೇಯುವವನ ಕೂಲಿ ಎಲ್ಲರಿಗೂ ಗೊತ್ತು. ಒಳಗೆ ಕೂತು ಕಂಡಿಕೆ ಸುತ್ತುವ ಹೆಂಗಸಿನ ಕೂಲಿ ಎಷ್ಟು ಅಂತ ಕೇಳಿದರೆ, "ಅದು ಮನೀ ಕೆಲಸ ಬಿಡ್ರೀ" ಅನ್ನುತ್ತಾರೆ. ಲೆಕ್ಕಕ್ಕೆ ಬಂದ ಕೆಲಸಕ್ಕೆ ಬೆಲೆ ಬಂತು, ಬಾರದ್ದಕ್ಕೆ ಬರಲಿಲ್ಲ. ಮಗು ನೋಡಿಕೊಳ್ಳುವುದು ಈಗಲೂ ಲೆಕ್ಕಕ್ಕೆ ಬಾರದ ಕೆಲಸಗಳ ಸಾಲಿನಲ್ಲೇ ಇದೆ. ಸಾವಿರ ಬೀಡಿ ಎಣಿಸಬಹುದು. ಒಂದು ದಿನದಲ್ಲಿ ಎಷ್ಟು ಸಲ ಮಗುವನ್ನು ಎತ್ತಿಕೊಂಡೆವು, ಎಷ್ಟು ಸಲ ಕಾಲು ತೊಳೆದೆವು ಅಂತ ಎಣಿಸುವವರು ಯಾರು?

ಪುಣ್ಯದ ಕೆಲಸಕ್ಕೆ ಹಣವಾ?

ಎರಡನೆಯ ಮಾತು ಇನ್ನೂ ಗಟ್ಟಿಯಾದದ್ದು. "ಮಗುವನ್ನು ನೋಡಿಕೊಳ್ಳುವುದು ಪುಣ್ಯ, ಅದಕ್ಕೆ ಅಲ್ಲಾಹನ ಬಳಿ ಪ್ರತಿಫಲ ಇದೆ, ಹಣ ಕೇಳಿದರೆ ಅದು ಹೋಯಿತು" ಎನ್ನುವ ಮಾತು. ಇದನ್ನು ಹೇಳುವವರ ಮನಸ್ಸು ಕೆಟ್ಟದ್ದು ಅಂತ ನಾವು ಅನ್ನುವುದಿಲ್ಲ. ಆದರೆ ಒಂದು ಪ್ರಶ್ನೆ ಇದೆ. ಮದ್ರಸದಲ್ಲಿ ಮಕ್ಕಳಿಗೆ ಕುರ್‌ಆನ್ ಕಲಿಸುವ ಉಸ್ತಾದರಿಗೆ ಸಂಬಳ ಕೊಡುತ್ತೇವೆ. ಅದರಿಂದ ಅವರ ಪುಣ್ಯ ಕಡಿಮೆಯಾಯಿತು ಅಂತ ಯಾರಾದರೂ ಹೇಳಿದ್ದುಂಟಾ? ಉಸ್ತಾದರಿಗೆ ಹೊಟ್ಟೆ ಇದೆ, ಮನೆ ಬಾಡಿಗೆ ಇದೆ ಅಂತ ನಮಗೆ ಗೊತ್ತು. ಮಗುವನ್ನು ನೋಡಿಕೊಳ್ಳುವ ಹೆಂಗಸಿಗೂ ಅವೆರಡೂ ಇವೆ.

ನಮ್ಮ ದೀನ್ ಈ ವಿಷಯದಲ್ಲಿ ಸುಮ್ಮನಿಲ್ಲ. ಪ್ರವಾದಿ ಮುಹಮ್ಮದ್ (ಸ) ಅವರ ಬಾಲ್ಯವನ್ನೇ ನೋಡಿ. ಮಕ್ಕಾದ ಮಗುವನ್ನು ಬನೂ ಸಅದ್ ಗೋತ್ರದ ಹಲೀಮಾ ತಮ್ಮ ಮನೆಗೆ ಕರೆದುಕೊಂಡು ಹೋಗಿ ಹಾಲೂಡಿಸಿ ಸಾಕಿದರು. ಆ ಹೆಂಗಸರು ಮಕ್ಕಾಕ್ಕೆ ಬರುತ್ತಿದ್ದದ್ದೇ ಕೂಸುಗಳನ್ನು ಸಾಕಿ ಸಂಪಾದನೆ ಮಾಡಲು. ತಂದೆ ಇಲ್ಲದ ಮಗು, ಕೊಡುವವರು ಯಾರು ಅಂತ ಮೊದಲು ಹಿಂಜರಿದದ್ದನ್ನೂ ಸೀರಾ ಗ್ರಂಥಗಳು ಮುಚ್ಚಿಡುವುದಿಲ್ಲ. ಹಣದ ಯೋಚನೆ ಬಂತು ಅಂತ ಹಲೀಮಾರ ಗೌರವ ಕಡಿಮೆಯಾಯಿತೇ? ಎಷ್ಟೋ ವರ್ಷಗಳ ನಂತರ ಅವರು ಭೇಟಿಗೆ ಬಂದಾಗ ಪ್ರವಾದಿಯವರು ತಮ್ಮ ಮೇಲುವಸ್ತ್ರವನ್ನು ಹಾಸಿ ಕೂರಿಸಿದರು ಅಂತ ನಾವು ಮದ್ರಸದಲ್ಲೇ ಕಲಿತಿದ್ದೇವೆ. ಅಲ್ಲಿ ಕೂಲಿಯೂ ಇತ್ತು, ತಾಯಿಯ ಸ್ಥಾನವೂ ಇತ್ತು.

ಕುರ್‌ಆನಿನಲ್ಲಿ ಸೂರ ಅಲ್ ಬಕರದ 233ನೇ ವಚನ ಮತ್ತು ಸೂರ ಅತ್ತಲಾಖ್‌ನ 6ನೇ ವಚನವನ್ನು ಅರ್ಥದೊಂದಿಗೆ ಓದಿ. ಎರಡೂ ಹಾಲೂಡಿಸುವ ವಿಷಯ ಹೇಳುತ್ತವೆ. ಕೂಸಿಗೆ ಹಾಲೂಡಿಸಿದವಳಿಗೆ ಸಲ್ಲಬೇಕಾದ್ದನ್ನು ಸಲ್ಲಿಸಬೇಕು, ಅದನ್ನು ಇಬ್ಬರೂ ಒಳ್ಳೆಯ ರೀತಿಯಲ್ಲಿ ಸಮಾಲೋಚಿಸಿ ತೀರ್ಮಾನಿಸಬೇಕು ಎಂಬುದು ಅಲ್ಲಿರುವ ಆಶಯ. "ಮನಸ್ಸು ಬಂದಷ್ಟು ಕೊಡಿ" ಎಂಬ ನಮ್ಮ ರೂಢಿ ಈ ಸಮಾಲೋಚನೆಗೆ ಸರಿಯಾಗಿ ವಿರುದ್ಧವಾಗಿದೆ. ಕೆಲಸ ಮಾಡಿದವರ ಬೆವರು ಆರುವ ಮುನ್ನ ಕೂಲಿ ಕೊಡಬೇಕು ಎಂಬ ಹದೀಸ್ ನಮ್ಮ ಗಂಡಸರಿಗೆಲ್ಲ ಬಾಯಿಪಾಠ. ಅದು ಬೇಕರಿಯ ಹುಡುಗನಿಗೆ ಮಾತ್ರ ಹೇಳಿದ್ದಲ್ಲ.

ಲೆಕ್ಕಕ್ಕೆ ಒಂದು ಬುಡ ಬೇಕು

ಸರಿ, ದರ ಬೇಕು ಅಂತಾಯಿತು. ಎಷ್ಟು? ಗಾಳಿಯಲ್ಲಿ ಒಂದು ಸಂಖ್ಯೆ ಹೇಳಿದರೆ ಅದೂ "ಮನಸ್ಸು ಬಂದಷ್ಟು" ಆಗುತ್ತದೆ. ಎಲ್ಲರೂ ಒಪ್ಪುವ ಒಂದು ಬುಡದಿಂದ ಶುರುಮಾಡಬೇಕು.

ಅಂಥ ಬುಡ ಉದ್ಯೋಗ ಖಾತರಿಯಲ್ಲಿ ಸಿಗುತ್ತದೆ. 2005ರ ಆ ಕಾಯ್ದೆಯಲ್ಲಿ ಒಂದು ನಿಯಮ ಇತ್ತು. ಕೆಲಸದ ಜಾಗಕ್ಕೆ ತಾಯಂದಿರ ಜೊತೆ ಐದು ಅಥವಾ ಹೆಚ್ಚು ಚಿಕ್ಕ ಮಕ್ಕಳು ಬಂದರೆ, ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಬೇಕು, ಮಣ್ಣು ಹೊತ್ತವರಿಗೆ ಕೊಡುವ ಕೂಲಿಯನ್ನೇ ಅವಳಿಗೂ ಕೊಡಬೇಕು. ಅಂದರೆ ಕೆರೆಯ ಹೂಳೆತ್ತುವುದು ಎಷ್ಟು ಕೆಲಸವೋ ಐದು ಮಕ್ಕಳನ್ನು ನೋಡಿಕೊಳ್ಳುವುದೂ ಅಷ್ಟೇ ಕೆಲಸ ಅಂತ ಕಾಯ್ದೆಯೇ ಒಪ್ಪಿತ್ತು. ನಮ್ಮ ರಾಜ್ಯ ಸರಕಾರ 2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯತ್‌ಗಳಿಗೆ ಘೋಷಿಸಿದ "ಕೂಸಿನ ಮನೆ" ಕೂಡ ಇದೇ ದಾರಿಯದ್ದು. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹೆಂಗಸರಿಗೆ ಖಾತರಿಯ ದಿನಗೂಲಿ. ಆದರೆ ಅದು ಗ್ರಾಮ ಪಂಚಾಯತ್‌ಗಳಿಗೆ. ನಾವಿರುವ ಗದಗ-ಬೆಟಗೇರಿ ನಗರಸಭೆ, ಲಕ್ಷ್ಮೇಶ್ವರ, ಮುಂಡರಗಿ ಪುರಸಭೆ, ಶಿರಹಟ್ಟಿ ಪಟ್ಟಣ ಪಂಚಾಯತ್. ಯೋಜನೆ ನಮ್ಮ ಓಣಿಗೆ ಬರಲಿಲ್ಲ, ಲೆಕ್ಕವನ್ನಾದರೂ ತರೋಣ.

ಕರ್ನಾಟಕದಲ್ಲಿ ಖಾತರಿಯ ದಿನಗೂಲಿ 2023-24ರಲ್ಲಿ 316 ರೂಪಾಯಿ, 2024-25ರಲ್ಲಿ 349, 2025-26ರಲ್ಲಿ 370. ಈ 370ನ್ನೇ ಬುಡ ಅಂತ ಇಟ್ಟುಕೊಳ್ಳಿ. ಎಂಟು ಗಂಟೆಗೆ 370 ಅಂದರೆ ಗಂಟೆಗೆ 46 ರೂಪಾಯಿ ಚಿಲ್ಲರೆ. ತಿಂಗಳಿಗೆ 26 ದಿನಕ್ಕೆ 9,620 ರೂಪಾಯಿ. ಇದು ಮಕ್ಕಳನ್ನು ನೋಡಿಕೊಳ್ಳುವ ಹೆಂಗಸಿಗೆ ಎಲ್ಲ ಮನೆಗಳಿಂದ ಸೇರಿ ಬರಬೇಕಾದ ಒಟ್ಟು ಹಣ. ನಾಲ್ಕು ಮಕ್ಕಳಿದ್ದರೆ ಒಂದೊಂದು ಮಗುವಿಗೆ 2,405 ರೂಪಾಯಿ. ಮೂರೇ ಮಕ್ಕಳಿದ್ದರೆ ಸುಮಾರು 3,200.

ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ ಅಂದರೆ ಹತ್ತು ಗಂಟೆ. ಆಗ ಒಟ್ಟು 12,025 ಆಗುತ್ತದೆ. ನಾಲ್ಕು ಮಕ್ಕಳಿದ್ದರೆ ಮಗುವಿಗೆ ಸುಮಾರು 3,000. ಐದು ಮಕ್ಕಳಿದ್ದರೆ ಅದೇ 2,405. ಐದಕ್ಕಿಂತ ಹೆಚ್ಚು ಬೇಡ. ಅವಳದ್ದೇ ಚಿಕ್ಕ ಮಗು ಇದ್ದರೆ ಅದನ್ನೂ ಐದರಲ್ಲಿ ಸೇರಿಸಬೇಕು. ಒಂದೂವರೆ ವರ್ಷದೊಳಗಿನ ಕೂಸನ್ನು ಎರಡು ಮಕ್ಕಳು ಅಂತ ಎಣಿಸುವುದು ನ್ಯಾಯ, ಯಾಕೆಂದರೆ ಕೈ ಬಿಡುವಿಲ್ಲದ ವಯಸ್ಸು ಅದು. ಶಾಲೆ ಬಿಟ್ಟ ಮೇಲೆ ಎರಡು ಮೂರು ಗಂಟೆ ಕೂರುವ ದೊಡ್ಡ ಮಗುವಿಗೆ ಅಷ್ಟೇ ಗಂಟೆಗಳ ಪಾಲು ಸಾಕು.

ಇದು ಕೂಲಿ ಮಾತ್ರ. ಹಾಲು, ಊಟ, ಗ್ಯಾಸ್, ಸಾಬೂನು ಇದರಲ್ಲಿ ಸೇರಿಲ್ಲ. ಊಟ ತಾಯಿಯೇ ಕಟ್ಟಿ ಕಳಿಸಿದರೆ ಲೆಕ್ಕ ಸುಲಭ. ಅಲ್ಲೇ ಉಣ್ಣುವುದಾದರೆ ಅದರ ಖರ್ಚನ್ನು ಬೇರೆಯಾಗಿ ಹೇಳಬೇಕು, ಕೂಲಿಯೊಳಗೆ ಮುಳುಗಿಸಬಾರದು.

ಲಕ್ಷ್ಮೇಶ್ವರ, ಮುಂಡರಗಿಯವರು "ಇಲ್ಲಿ ಗದಗಿನ ದರ ನಡೆಯೂದಿಲ್ಲ" ಅನ್ನುತ್ತಾರೆ. ಮನೆ ಬಾಡಿಗೆಯಲ್ಲಿ ವ್ಯತ್ಯಾಸ ಇರುವುದು ಹೌದು. ಆದರೆ ಖಾತರಿಯ ಕೂಲಿ ರಾಜ್ಯಕ್ಕೆಲ್ಲ ಒಂದೇ. ಮತ್ತೆ, ಈ ಊರುಗಳಿಂದ ಗದಗಿಗೆ ಕೆಲಸಕ್ಕೆ ಹೋಗುವ ತಾಯಂದಿರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ ಟಿಕೆಟ್ ಉಚಿತವಾಯಿತೇ ಹೊರತು ದಾರಿಯ ಸಮಯ ಕಡಿಮೆಯಾಗಲಿಲ್ಲ. ಹೋಗಿ ಬರುವ ಎರಡು ಗಂಟೆಯೂ ಮಗು ಇನ್ನೊಬ್ಬಳ ಸೊಂಟದ ಮೇಲೇ ಇರುತ್ತದೆ. ಸಣ್ಣ ಊರಿನಲ್ಲಿ ಗಂಟೆಗಳು ಜಾಸ್ತಿಯೇ ಆಗುತ್ತವೆ. ದರ ಕಡಿಮೆ ಯಾಕಾಗಬೇಕು?

ಯಾರ ಜೇಬಿನಿಂದ?

ಈ ಲೆಕ್ಕ ನೋಡಿ ಕೆಲಸಕ್ಕೆ ಹೋಗುವ ತಾಯಂದಿರ ಎದೆ ಧಸಕ್ ಅಂದಿರಬಹುದು. ಅಂಗಡಿಯಲ್ಲಿ ಹತ್ತು ಸಾವಿರಕ್ಕೆ ದುಡಿಯುವವಳು ಎರಡೂವರೆ, ಮೂರು ಸಾವಿರ ಇದಕ್ಕೇ ಕೊಟ್ಟರೆ ಉಳಿಯುವುದು ಎಂತದು? "ಇದಕ್ಕಿಂತ ನೀನು ಮನೆಯಲ್ಲಿ ಕೂರುವುದೇ ಒಳ್ಳೆಯದು" ಎಂಬ ಮಾತು ಕೂಡಲೇ ಬರುತ್ತದೆ. ಆದರೆ ಈ ಲೆಕ್ಕ ಮಾಡುವಾಗ ನಾವೊಂದು ತಪ್ಪು ಮಾಡುತ್ತಿದ್ದೇವೆ. ಮಗುವಿನ ಖರ್ಚನ್ನು ಉಮ್ಮನ ಸಂಬಳದಿಂದ ಮಾತ್ರ ಕಳೆಯುತ್ತೇವೆ. ಮಗು ಬಾಪನದ್ದಲ್ಲವಾ? ಮಗುವಿನ ಮತ್ತು ತಾಯಿಯ ಖರ್ಚಿನ ಹೊಣೆ ತಂದೆಯದ್ದು ಅಂತ ನಮ್ಮ ಶರೀಅತ್ ಹೇಳುತ್ತದೆ. ಅಕ್ಕಿ, ಬಾಡಿಗೆ, ಶಾಲೆ ಫೀಸಿನ ಸಾಲಿನಲ್ಲೇ ಮಗುವನ್ನು ನೋಡಿಕೊಳ್ಳುವ ಖರ್ಚೂ ಬರಬೇಕು. ಮನೆಗೆ ಬರುವ ಒಟ್ಟು ಆದಾಯದಿಂದ ಕಳೆದು ನೋಡಿ, ಆಗ ಅದು ಅಷ್ಟು ಭಯ ಹುಟ್ಟಿಸುವುದಿಲ್ಲ.

ಆದರೂ ನಿಜವಾಗಿ ಕೊಡಲಾಗದ ಮನೆಗಳಿವೆ. ಗಂಡ ಬಿಟ್ಟು ಹೋದವಳು, ವಿಧವೆ, ದಿನಗೂಲಿಯವಳು. ನಮ್ಮ ಬ್ಯಾರಿ ಮನೆಗಳಲ್ಲಿ ಮಾತ್ರ ಅಲ್ಲ. ಮುಂಡರಗಿ, ಶಿರಹಟ್ಟಿ ಕಡೆ ಕಳೆ ಕೀಳಲು, ಮೆಣಸಿನಕಾಯಿ ಬಿಡಿಸಲು ಹೋಗುವ ಪಕ್ಕದ ಮನೆಯ ಅಕ್ಕ ಬಾಗಿಲಿಗೆ ಬಂದು, "ಅಕ್ಕಾರ, ಸಂಜೀತನಕ ಕೂಸು ನೋಡ್ಕೋರೆವಾ" ಅಂದರೆ ಲೆಕ್ಕದ ಚೀಟಿ ತೋರಿಸಲು ಆಗುತ್ತದಾ? ಆಗುವುದಿಲ್ಲ, ತೋರಿಸಬಾರದು. ಆದರೆ ಅಲ್ಲಿ ಒಂದು ಕ್ರಮ ಇರಲಿ. ದರ ಇಷ್ಟು, ನಿಮ್ಮಿಂದ ಇಷ್ಟೇ ಸಾಕು, ಉಳಿದದ್ದು ನನ್ನ ಕಡೆಯಿಂದ ಅಂತ ನೋಡಿಕೊಳ್ಳುವವಳೇ ಹೇಳಬೇಕು. ಆಗ ಅದು ಸದಖಾ. ದರವೇ ಹೇಳದೆ ಕಡಿಮೆ ಕೊಟ್ಟು ಹೋದರೆ ಅದು ಸದಖಾ ಅಲ್ಲ, ಕಿತ್ತುಕೊಂಡ ಹಾಗೆ. ರಿಯಾಯಿತಿ ಕೊಡುವವಳ ಬಾಯಿಂದ ಬರಬೇಕು, ಪಡೆಯುವವಳು ಮೊದಲೇ ಅಂದಾಜು ಮಾಡಿಕೊಳ್ಳಬಾರದು.

ಇನ್ನೊಂದು ಮಾತು ಗಂಡಸರಿಗೆ. ಈ ಹಣ ಗೂಗಲ್ ಪೇಯಲ್ಲಿ ನಿಮ್ಮ ನಂಬರಿಗೆ ಬಂದು ಅಂಗಡಿಯ ಗಲ್ಲಾದಲ್ಲಿ ಕರಗಬಾರದು. ಹೆಣ್ಣು ದುಡಿದದ್ದು ಹೆಣ್ಣಿನದ್ದು ಎಂಬುದಕ್ಕೆ ಸೂರ ಅನ್ನಿಸಾದ 32ನೇ ವಚನದಲ್ಲಿ ಆಧಾರ ಇದೆ. ಅವಳ ಹೆಸರಿನಲ್ಲಿ ಖಾತೆ ಇರಲಿ. ಗೃಹಲಕ್ಷ್ಮಿಯ ಎರಡು ಸಾವಿರ ಬರುವ ಖಾತೆ ಹೇಗೂ ಇರುತ್ತದಲ್ಲ, ಈ ಹಣವೂ ಅಲ್ಲೇ ಬೀಳಲಿ.

ಮಗು ಬರುವ ಮೊದಲ ದಿನವೇ

ಜಗಳ ಆಗುವುದು ಹಣದಿಂದ ಮಾತ್ರ ಅಲ್ಲ, ಹೇಳದೆ ಬಿಟ್ಟ ಸಣ್ಣ ಸಣ್ಣ ಮಾತುಗಳಿಂದ. ಹಾಗಾಗಿ ಕೆಲವನ್ನು ಮೊದಲ ದಿನವೇ ಮಾತಾಡಿಕೊಳ್ಳುವುದು ಒಳ್ಳೆಯದು.

ಬಿಡುವ ಹೊತ್ತು, ಕರೆದೊಯ್ಯುವ ಹೊತ್ತು ಯಾವುದು? ಬಸ್ಸು ತಪ್ಪಿ ಅರ್ಧ ಗಂಟೆ ತಡವಾದರೆ ಮನ್ನಿಸಬಹುದು. ದಿನಾ ಒಂದು ಗಂಟೆ ತಡವಾದರೆ ಆ ಗಂಟೆಗೆ ಐವತ್ತು ರೂಪಾಯಿ ಕೊಡಬೇಕು. ಉಳಿದ ಮಕ್ಕಳೆಲ್ಲ ಹೋದ ಮೇಲೆ ಆ ಹೊತ್ತು ಪೂರ್ತಿ ನಿಮ್ಮ ಮಗುವಿಗೇ ಹೋಗುತ್ತದೆ. ನೋಂಬಿನ ತಿಂಗಳಲ್ಲಿ ಇಫ್ತಾರಿಗೆ ಮುಂಚೆ ಮಗುವನ್ನು ಕರೆದೊಯ್ಯುವುದು ಮರ್ಯಾದೆ.

ಮಗು ಎರಡು ದಿನ ಬರಲಿಲ್ಲ ಅಂತ ಹಣ ಕಳೆಯಬಾರದು. ಶಾಲೆಯ ಫೀಸಿನಲ್ಲಿ ಹಾಗೆ ಕಳೆಯುತ್ತೀರಾ? ವಾರ ದಾಟಿದರೆ ಆ ದಿನಗಳಿಗೆ ಅರ್ಧ ಕೊಟ್ಟರೆ ಇಬ್ಬರಿಗೂ ಸಮ. ನೋಡಿಕೊಳ್ಳುವವಳಿಗೂ ತಿಂಗಳಿಗೆ ಎರಡು ರಜೆ, ಪೆರ್ನಾಲಿಗೆ ರಜೆ ಇರಲಿ. ಊರಿಗೆ ಹೋಗುವುದಿದ್ದರೆ ಹದಿನೈದು ದಿನ ಮುಂಚೆ ತಿಳಿಸಲಿ, ತಾಯಿ ಬೇರೆ ದಾರಿ ನೋಡಿಕೊಳ್ಳಬೇಕಲ್ಲ.

ಜ್ವರ ಇರುವ ಮಗುವನ್ನು ಬೇರೆ ಮಕ್ಕಳ ನಡುವೆ ಬಿಡಬಾರದು. ತಾಯಿಯನ್ನು ಕೇಳದೆ ಯಾವ ಸಿರಪ್ಪೂ ಕೊಡಬಾರದು. ಮನೆಯಲ್ಲಿ ಹಗಲು ಯಾರ್‍ಯಾರು ಇರುತ್ತಾರೆ, ಯಾರು ಬಂದು ಹೋಗುತ್ತಾರೆ ಅಂತ ತಾಯಿ ಕೇಳಿದರೆ ಅದನ್ನು ಅವಮಾನ ಅಂತ ತೆಗೆದುಕೊಳ್ಳಬಾರದು. ಕೇಳುವುದು ಅವಳ ಕರ್ತವ್ಯ.

ಹಣ ಕೇಳುವವಳಿಗೂ ಒಂದು ಹೊಣೆ ಇದೆ. ಪೂರ್ತಿ ಕೂಲಿ ತೆಗೆದುಕೊಂಡು ಮಗುವಿನ ಕೈಗೆ ಮೊಬೈಲ್ ಕೊಟ್ಟು ಕೂರಿಸಿದರೆ ಅದು ನೋಡಿಕೊಂಡದ್ದಲ್ಲ, ಕಾವಲು ಕಾದದ್ದು. ನೀರಿನ ಬಕೆಟ್, ಸ್ಟೌವ್, ತೆರೆದ ಟೆರೇಸು, ಗೇಟು ಇವುಗಳ ಮೇಲೆ ಕಣ್ಣಿಡುವುದು, ಹೊತ್ತಿಗೆ ಸರಿಯಾಗಿ ಉಣಿಸುವುದು, ಮಾತಾಡಿಸುವುದು, ಮಲಗಿಸುವುದು ಎಲ್ಲ ಆ ದರದಲ್ಲಿ ಸೇರಿದೆ.

ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಒಂದೊಂದು ಪ್ರತಿ ಇಟ್ಟುಕೊಂಡರೆ ಸಾಕು. ಸ್ಟಾಂಪ್ ಪೇಪರ್ ಬೇಡ. ಬರೆದದ್ದರಿಂದ ನಂಬಿಕೆ ಕಡಿಮೆಯಾಗುವುದಿಲ್ಲ. ಕುರ್‌ಆನಿನ ಅತಿ ಉದ್ದದ ವಚನ ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆಯೇ ಇದೆ. ಗೋಡೆಯ ಕ್ಯಾಲೆಂಡರಿನಲ್ಲಿ ಮಗು ಬಂದ ದಿನಕ್ಕೆ ಒಂದು ಗುರುತು ಹಾಕಿ. ಬೀಡಿಯ ಪಾಸ್ ಪುಸ್ತಕದ ಕೆಲಸವನ್ನು ಅದು ಮಾಡುತ್ತದೆ.

ಒಬ್ಬೊಬ್ಬರೇ ಹೇಳಿದರೆ ಆಗದು

ಇಷ್ಟೆಲ್ಲ ಓದಿದ ಮೇಲೂ ನಾಳೆ ಬೆಳಗ್ಗೆ ಬಾಗಿಲಲ್ಲಿ ನಿಂತು "ತಿಂಗಳಿಗೆ ಎರಡು ಸಾವಿರದ ನಾನೂರು ಆಗ್ತದೆ" ಅಂತ ಹೇಳುವುದು ಒಬ್ಬ ಹೆಂಗಸಿಗೆ ಸುಲಭವಲ್ಲ ಅಂತ ನಮಗೆ ಗೊತ್ತು. "ಅವರು ಎಂಟುನೂರಕ್ಕೆ ನೋಡ್ತಾರೆ" ಎಂಬ ಮಾತು ತಯಾರಾಗಿರುತ್ತದೆ. ಹಾಗೆ ಒಬ್ಬಳನ್ನು ತೋರಿಸಿ ಇನ್ನೊಬ್ಬಳ ದರ ಇಳಿಸುವುದು ಎಲ್ಲ ಕೂಲಿಯಲ್ಲೂ ನಡೆಯುವ ಹಳೆಯ ಆಟ.

ಇದಕ್ಕೆ ಉತ್ತರ ನಮ್ಮ ಪಕ್ಕದಲ್ಲೇ ಇದೆ. ಗದಗ ತಾಲೂಕಿನ ಕಣಗಿನಹಾಳ ಗೊತ್ತಲ್ಲ? 1905ರಲ್ಲಿ ಆ ಹಳ್ಳಿಯಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಸೇರಿಸಿ ಸಹಕಾರಿ ಸಂಘ ಕಟ್ಟಿದರು. ಈ ದೇಶದ ಸಹಕಾರಿ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಅದೂ ಒಂದು. ಒಬ್ಬೊಬ್ಬನೇ ಹೋದರೆ ಸಾಹುಕಾರ ಹೇಳಿದ್ದೇ ಬಡ್ಡಿ, ಒಟ್ಟಾಗಿ ಕೂತರೆ ತಮ್ಮ ಬಡ್ಡಿ ತಾವೇ ಹೇಳಬಹುದು ಎಂಬ ಸರಳ ತಿಳಿವಳಿಕೆ ಅದರ ಹಿಂದಿತ್ತು. ಅಹಮದಾಬಾದಿನಲ್ಲಿ ಇಳಾ ಭಟ್ 1972ರಲ್ಲಿ ಕಟ್ಟಿದ ಸೇವಾ ಸಂಘಟನೆಯ ಹೆಂಗಸರು ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೇ ಒಂದು ಸಹಕಾರಿ ಸಂಘ ಮಾಡಿಕೊಂಡಿದ್ದಾರೆ. ಅಲ್ಲಿ ಮಗುವನ್ನು ಬಿಡುವ ತಾಯಿ ತರಕಾರಿ ಮಾರುವವಳು, ಕೂಲಿಯವಳು. ನೋಡಿಕೊಳ್ಳುವವಳೂ ಅಂಥದ್ದೇ ಮನೆಯವಳು.

ನಮಗೆ ಈಗಲೇ ಸಂಘ ಬೇಡ. ಒಂದು ಜುಮಾ ದಿನ ಮಧ್ಯಾಹ್ನ, ಒಬ್ಬರ ಮನೆಯಲ್ಲಿ, ಮಕ್ಕಳನ್ನು ನೋಡಿಕೊಳ್ಳುವವರು ಮತ್ತು ಮಕ್ಕಳನ್ನು ಬಿಡುವವರು ಇಬ್ಬರೂ ಒಟ್ಟಿಗೆ ಕೂರಲಿ. ಗಂಡಸರು ಚಹಾ ಮಾಡಿ ಕೊಡಲಿ. ಮೇಲೆ ಹೇಳಿದ ಲೆಕ್ಕವನ್ನು ಮುಂದೆ ಇಟ್ಟುಕೊಂಡು, ಸರಿ ಕಾಣದ್ದನ್ನು ತಿದ್ದಿ, ಈ ನಾಲ್ಕೂ ಊರಿಗೆ ಒಂದು ದರದ ಹಾಳೆ ಮಾಡಲಿ. ಪ್ರತಿ ವರ್ಷ ಶಾಲೆ ಶುರುವಾಗುವ ಮೊದಲು ಅದನ್ನು ಇನ್ನೊಮ್ಮೆ ನೋಡಲಿ. ಆಮೇಲೆ ಬಾಗಿಲಲ್ಲಿ ಒಬ್ಬಳೇ ನಿಂತು ತನ್ನ ದರ ಹೇಳಬೇಕಾಗಿಲ್ಲ, "ನಮ್ಮಲ್ಲಿ ಎಲ್ಲರದ್ದೂ ಇಷ್ಟೇ" ಅಂದರೆ ಮುಗಿಯಿತು. ಆ ಒಂದು ಮಾತಿನಲ್ಲಿ ಎಷ್ಟೋ ನಾಚಿಕೆ ಕಳೆಯುತ್ತದೆ.

ಜಮಾಅತ್‌ಗಳಲ್ಲೂ ಒಂದು ವಿನಂತಿ. ಕೊಡಲಾಗದ ವಿಧವೆಯ ಮಗುವಿನ ದರದಲ್ಲಿ ಒಂದು ಪಾಲನ್ನು ಜಮಾಅತ್ ಕೊಡಬಹುದೇ ಅಂತ ಉಸ್ತಾದರ ಜೊತೆ ಕೂತು ಯೋಚಿಸಿ. ಹೊಲಿಗೆ ಯಂತ್ರ ಕೊಡುವುದಕ್ಕೆ ನಮ್ಮಲ್ಲಿ ಕೈ ಹಿಂದೆ ಹೋಗುವುದಿಲ್ಲ. ಆದರೆ ಆ ಯಂತ್ರದ ಮುಂದೆ ಕೂರಬೇಕಾದರೆ ಮಗುವನ್ನು ಯಾರಾದರೂ ಹಿಡಿದುಕೊಳ್ಳಬೇಕಲ್ಲ? ಇನ್ನು, ಈ ಕೆಲಸ ಮಾಡುವ ಹೆಂಗಸರು ಇ-ಶ್ರಮ್‌ನಲ್ಲಿ ಹೆಸರು ನೋಂದಾಯಿಸಿಕೊಳ್ಳಲಿ. 2021ರಿಂದ ಅದು ಅಸಂಘಟಿತ ಕಾರ್ಮಿಕರಿಗೆ ತೆರೆದಿದೆ. ನಮ್ಮ ರಾಜ್ಯ 2004ರಲ್ಲೇ ಮನೆಗೆಲಸಕ್ಕೆ ಕನಿಷ್ಠ ವೇತನ ನಿಗದಿ ಮಾಡಿದಾಗ ಮಕ್ಕಳನ್ನು ನೋಡಿಕೊಳ್ಳುವುದನ್ನೂ ಆ ಕೆಲಸಗಳ ಪಟ್ಟಿಯಲ್ಲಿ ಸೇರಿಸಿತ್ತು. ಸರಕಾರಕ್ಕೆ ಅಂದೇ ಕಂಡ ಕೆಲಸ ನಮ್ಮ ಕಣ್ಣಿಗೆ ಇನ್ನೂ ಕಾಣುವುದಿಲ್ಲ ಅಂದರೆ ಹೇಗೆ?

ಮಗುವಿನ ಪ್ರೀತಿಗೆ ದರ ಕಟ್ಟಲು ಯಾರಿಂದಲೂ ಆಗದು, ನಾವೂ ಅದನ್ನು ಕೇಳುತ್ತಿಲ್ಲ. ಸಂಜೆ ಕರೆದೊಯ್ಯಲು ಉಮ್ಮ ಬಂದರೂ ಕೂಸು ಆ ಮಾಮಿಯ ಶಿರವಸ್ತ್ರ ಹಿಡಿದು ಬಿಡದೆ ಅಳುತ್ತದಲ್ಲ, ಅದಕ್ಕೆ ಬೆಲೆ ಇಲ್ಲ. ಆದರೆ ಆ ಕೂಸನ್ನು ಹತ್ತು ಗಂಟೆ ಹೊತ್ತ ಸೊಂಟಕ್ಕೆ, ತೊಳೆದ ಕೈಗೆ, ಎಚ್ಚರವಿದ್ದ ಕಣ್ಣಿಗೆ ಕೂಲಿ ಸಲ್ಲಲೇಬೇಕು. ಮುಂದಿನ ತಿಂಗಳ ಮೊದಲ ತಾರೀಕಿಗೆ "ಮನಸ್ಸು ಬಂದಷ್ಟು ಕೊಡಿ" ಎಂಬ ಮಾತು ನಮ್ಮ ಮನೆಗಳಲ್ಲಿ ಕೇಳದಿರಲಿ. ಕೇಳುವವಳು ದರ ಹೇಳಲಿ, ಕೊಡುವವಳು ಎಣಿಸಿ ಕೊಡಲಿ. ಆಮೇಲೆ ಇಬ್ಬರೂ ಒಟ್ಟಿಗೆ ಕೂತು ಚಹಾ ಕುಡಿಯಲಿ, ಇನ್ಶಾ ಅಲ್ಲಾಹ್.